ನಿಂಬೆರಸಕ್ಕೆ ಸಾಯದ ಹುಳು

ಕೇಳುಗರಿಗೆ ನಮಸ್ಕಾರ.

1874ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚೀನಾ ಮೂಲದ ಯುವಕನೊಬ್ಬ ತೀರಿಕೊಂಡ. ಬಡಗಿ ಕೆಲಸದವನು. ಶವಪರೀಕ್ಷೆ ಮಾಡಿದ ಡಾಕ್ಟರ್ ಮೆಕ್‌ಕಾನೆಲ್ ಅವನ ಪಿತ್ತಜನಕಾಂಗವನ್ನು ಕೊಯ್ದು ನೋಡಿದರೆ, ಪಿತ್ತನಾಳಗಳೊಳಗೆ ಎಲೆಯಂಥ ಚಪ್ಪಟೆ ಹುಳುಗಳು ಸಿಕ್ಕಿಕೊಂಡಿದ್ದವು. ಮರುವರ್ಷ ಅವರು ಅದರ ವಿವರ ಪ್ರಕಟಿಸಿದರು. ಇಂದು ನಾವು ಕ್ಲೋನಾರ್ಕಿಸ್ ಸೈನೆನ್ಸಿಸ್ ಎನ್ನುವ ಹುಳು ಅದೇ. ಒಂದೆರಡು ಸೆಂಟಿಮೀಟರ್ ಉದ್ದ, ಅಷ್ಟೆ.

ಚೀನಾ, ಕೊರಿಯಾ, ಉತ್ತರ ವಿಯೆಟ್ನಾಂಗಳಲ್ಲಿ ಇದರ ಹಾವಳಿ. ಇದರ ದಾಯಾದಿ ಒಪಿಸ್ತಾರ್ಕಿಸ್ ವಿವೆರಿನಿ ಥಾಯ್ಲೆಂಡಿನ ಈಶಾನ್ಯ ಭಾಗ, ಲಾವೋಸ್, ಕಾಂಬೋಡಿಯಾಗಳಲ್ಲಿ ನೆಲೆಯೂರಿದೆ. ಇನ್ನೊಂದು ದಾಯಾದಿ ಸೈಬೀರಿಯಾದ ನದಿಗಳ ಕಡೆ ಇದೆ. ಮೂರೂ ಮನುಷ್ಯನೊಳಗೆ ಬರುವುದು ಒಂದೇ ದಾರಿಯಲ್ಲಿ: ಸರಿಯಾಗಿ ಬೇಯದ ಸಿಹಿನೀರಿನ ಮೀನು.

ಈ ಹುಳುವಿನ ಸಂಸಾರ ಮೂರು ಮನೆಗಳದ್ದು. ಸೋಂಕಿರುವವರ ಮಲದೊಂದಿಗೆ ಮೊಟ್ಟೆ ಕೆರೆ, ಹೊಳೆ ಸೇರುತ್ತದೆ. ಅದನ್ನು ಒಂದು ಜಾತಿಯ ಸಣ್ಣ ಬಸವನಹುಳು ತಿನ್ನಬೇಕು. ಅದರ ಹೊಟ್ಟೆಯಲ್ಲಿ ಒಂದು ಹಲವಾಗಿ, ಬಾಲವಿರುವ ಮರಿಗಳಾಗಿ ನೀರಿಗಿಳಿಯುತ್ತವೆ. ಆಮೇಲೆ ಕಾರ್ಪ್ ಜಾತಿಯ ಮೀನಿನ ಚರ್ಮ ಕೊರೆದು, ಮಾಂಸದಲ್ಲಿ ಸುತ್ತ ಗೂಡು ಕಟ್ಟಿಕೊಂಡು ಕೂರುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ಮೀನು ತಾಜಾ ಆಗಿರುತ್ತದೆ, ವಾಸನೆಯಿಲ್ಲ, ರುಚಿಯೂ ಕೆಟ್ಟಿರುವುದಿಲ್ಲ. ಆ ಮೀನನ್ನು ತಿನ್ನುವ ಮನುಷ್ಯ, ನಾಯಿ ಅಥವಾ ಬೆಕ್ಕು ಮೂರನೆಯ ಮನೆ.

ಈಶಾನ್ಯ ಥಾಯ್ಲೆಂಡಿನಲ್ಲಿ ಕೊಯ್ ಪ್ಲಾ ಎಂಬ ಖಾದ್ಯವಿದೆ. ಹಸಿ ಮೀನನ್ನು ಕೊಚ್ಚಿ, ನಿಂಬೆರಸ, ಮೆಣಸಿನಕಾಯಿ, ಸೊಪ್ಪು ಬೆರೆಸಿ ತಿನ್ನುತ್ತಾರೆ. ಹುಳಿ ಬಿದ್ದ ಕೂಡಲೇ ಮೀನು ಬೆಳ್ಳಗಾಗಿ ಬೆಂದಂತೆ ಕಾಣುತ್ತದೆ. ಹುಳಿಯೇ ಬೇಯಿಸಿತು ಎಂದುಕೊಳ್ಳುವವರಿದ್ದಾರೆ. ಜೊತೆಗೆ ಕುಡಿದ ಮದ್ಯ ಹುಳುವನ್ನು ಕೊಲ್ಲುತ್ತದೆ ಎನ್ನುವವರೂ ಉಂಟು. ಸ್ವಲ್ಪ ಯೋಚಿಸಿ. ಆ ಮರಿಯ ಗೂಡು ನಮ್ಮ ಜಠರದ ಆಮ್ಲವನ್ನೇ ದಾಟಿ, ಸಣ್ಣಕರುಳಿಗೆ ಬಂದ ಮೇಲೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಅಂಥದ್ದಕ್ಕೆ ನಿಂಬೆಹಣ್ಣು ಯಾವ ಲೆಕ್ಕ? ಅಲ್ಲಿಂದ ಅದು ಪಿತ್ತನಾಳದೊಳಗೆ ಹತ್ತಿ, ಸುಮಾರು ಒಂದು ತಿಂಗಳಿಗೆ ಬಲಿತು ಮೊಟ್ಟೆಯಿಡತೊಡಗುತ್ತದೆ.

ಒಮ್ಮೆ ಸೇರಿಕೊಂಡರೆ ಹುಳು ವರ್ಷಗಟ್ಟಲೆ ಇರುತ್ತದೆ. ಕ್ಲೋನಾರ್ಕಿಸ್ 20 ವರ್ಷ ದಾಟಿ ಬದುಕಿದ್ದುಂಟು. ಹುಳು ಕಡಿಮೆಯಿದ್ದರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಅಜೀರ್ಣ, ಬಲಪಕ್ಕೆಯಲ್ಲಿ ಸಣ್ಣ ನೋವು, ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಆದರೆ ಒಳಗೆ ನಾಳದ ಗೋಡೆ ಉರಿಯೂತದಿಂದ ದಪ್ಪವಾಗುತ್ತಿರುತ್ತದೆ, ಕಲ್ಲು ಕಟ್ಟಬಹುದು, ಕೀವಾಗಬಹುದು. ಕೆಲವರಲ್ಲಿ ದಶಕಗಳ ನಂತರ ಪಿತ್ತನಾಳದ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಥಾಯ್ ಹುಳುವನ್ನು 1994ರಲ್ಲಿ, ಚೀನೀ ಹುಳುವನ್ನು 2009ರಲ್ಲಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಪಟ್ಟಿಯಲ್ಲಿ.

ಔಷಧಿ ಇದೆ. ಪ್ರಾಜಿಕ್ವಾಂಟೆಲ್ ಮಾತ್ರೆ, ವೈದ್ಯರು ತೂಕ ನೋಡಿ ಕೊಡುತ್ತಾರೆ, ಎರಡು ದಿನದಲ್ಲಿ ಮುಗಿಯುವ ಚಿಕಿತ್ಸೆ. ನನಗೆ ಕಳವಳ ಹುಟ್ಟಿಸುವುದು ಈ ಸುಲಭವೇ. ಮಾತ್ರೆ ಮತ್ತೆ ಸೋಂಕದಂತೆ ಕಾಯುವುದಿಲ್ಲ. ಗುಣವಾದವನು ಹಬ್ಬಕ್ಕೆ ಮತ್ತೆ ಹಸಿ ಮೀನಿನ ತಟ್ಟೆಯ ಮುಂದೆ ಕೂರುತ್ತಾನೆ, ಮತ್ತೆ ಹುಳು ಸೇರುತ್ತದೆ.

ಮೀನು ಒಳಗಿನವರೆಗೂ ಬೇಯಬೇಕು, ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 7 ದಿನ ಹೆಪ್ಪುಗಟ್ಟಿರಬೇಕು; ಫ್ರಿಜ್ಜಿನ ಸಾಮಾನ್ಯ ತಂಪು ಸಾಲದು. ಉಪ್ಪು ಹಾಕಿ ನಾಲ್ಕಾರು ದಿನ ಹುದುಗಿಸಿದ ಮೀನನ್ನು ನಂಬುವಂತಿಲ್ಲ. ಹಸಿ ಮೀನು ಕತ್ತರಿಸಿದ ಹಲಗೆ, ಚಾಕು ತೊಳೆಯದೆ ಬೇರೆ ಅಡುಗೆಗೆ ಬಳಸಬೇಡಿ.

ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತ್ಯದಲ್ಲಿ ಲಾವಾ ಎಂಬ ಸರೋವರದ ಸುತ್ತಲಿನ ಹಳ್ಳಿಗಳಲ್ಲಿ, ಜನರಿಗೆ ಮಾತ್ರೆ ಕೊಟ್ಟು ಸುಮ್ಮನಾಗಲಿಲ್ಲ. ಸೋಂಕು ಹರಡುವ ನಾಯಿ, ಬೆಕ್ಕುಗಳತ್ತಲೂ ಗಮನ ಹರಿಸಿದರು, ಶಾಲೆಯ ಮಕ್ಕಳಿಗೆ ಕಲಿಸಿದರು, ಸ್ವಯಂಸೇವಕರನ್ನು ಮನೆಮನೆಗೆ ಕಳಿಸಿದರು, ಮೀನು ಮತ್ತು ಬಸವನಹುಳುಗಳನ್ನು ಪರೀಕ್ಷಿಸುತ್ತಾ ಹೋದರು. ಮೊದಲು ಅಲ್ಲಿನ ಮೀನುಗಳಲ್ಲಿ 70 ಪ್ರತಿಶತದವರೆಗೆ ಕಂಡಿದ್ದ ಸೋಂಕು ಒಂದಕ್ಕಿಂತ ಕೆಳಗಿಳಿಯಿತು.

ಈ ದೇಶಗಳಲ್ಲಿ ಇದ್ದು, ಹಸಿ ಮೀನು ತಿಂದವರು ಎಷ್ಟೋ ವರ್ಷ ಕಳೆದಿದ್ದರೂ ವೈದ್ಯರಿಗೆ ಆ ವಿಷಯ ಹೇಳಿ. ಮಲಪರೀಕ್ಷೆಯಲ್ಲಿ ಮೊಟ್ಟೆ ಕಾಣಿಸುತ್ತದೆ. ಸೋಂಕು ತೀರ ಕಡಿಮೆಯಿದ್ದರೆ ಒಂದೇ ಮಾದರಿಯಲ್ಲಿ ತಪ್ಪಿಹೋಗಬಹುದು, ಹಾಗಾಗಿ ಬೇರೆ ಬೇರೆ ದಿನದ ಮಾದರಿ ಕೇಳಿದರೆ ಬೇಸರಪಡದೆ ಕೊಡಿ. ನಮಸ್ಕಾರ.