ಅಂಗಿಗೆ ಸಿಗಸೋ ಮೈಕು ತುಗೊಳ್ಳೋರಿಗೆ ನಾಕು ಮಾತು

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತು ವಿಡಿಯೋ ಮಾಡೋರು ಅಂಗಿಗೆ ಸಿಗಸ್ಕೊಳ್ಳೋ ಸಣ್ಣ ವೈರ್‌ಲೆಸ್ ಮೈಕಿನ ಬಗ್ಗೆ ಮಾತಾಡೋಣು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಈಗ ಯಾವ ಊರಿಗೆ ಹೋದ್ರೂ ವಿಡಿಯೋ ಮಾಡೋರು ಸಿಕ್ಕೇ ಸಿಗ್ತಾರ, ಒಬ್ರು ಬ್ಯಾಡಗಿ ಮೆಣಸಿನಕಾಯಿ ಬೆಳೆ ಬಗ್ಗೆ ಹೇಳ್ತಾರ, ಒಬ್ರು ರೊಟ್ಟಿ ಎಣಗಾಯಿ ಮಾಡಿ ತೋರಸ್ತಾರ, ಇನ್ನೊಬ್ರು ಹಳ್ಳಿ ಹಳ್ಳಿ ತಿರುಗಿ ಗೀಗೀ ಪದ, ಸೋಬಾನ ಪದ ಹಾಡೋ ಹಿರೇರನ್ನ ಹುಡುಕಿ ರೆಕಾರ್ಡ್ ಮಾಡ್ತಾರ. ಚಿತ್ರ ಎಲ್ಲಾರದೂ ಚಂದ ಬರತೈತಿ, ಫೋನಿನ ಕ್ಯಾಮೆರಾ ಅಷ್ಟು ಚಲೋ ಆಗ್ಯಾವು. ದನಿ ಮಾತ್ರ ಇನ್ನೂ ಭಾಳ ಮಂದಿದು ಹಿಂದ ಉಳದೈತಿ.

ಫೋನು ಐದಾರು ಅಡಿ ದೂರ ಇತ್ತಂದ್ರ ಅದಕ್ಕ ನಿಮ್ಮ ಮಾತಿನ ಜೋಡಿ ಫ್ಯಾನು, ರಸ್ತೆ, ಗ್ವಾಡಿಗೆ ಬಡದು ವಾಪಸ್ ಬರೋ ಸಪ್ಪಳ ಎಲ್ಲಾ ಸೇರೇ ಕೇಳಸ್ತೈತಿ. ಮೈಕು ಗದ್ದದಿಂದ ಒಂದು ಗೇಣು ಕೆಳಗ ಬಂತು ಅಂದ್ರ ಮಾತು ಮುಂದ ಬರತೈತಿ, ಉಳದದ್ದೆಲ್ಲಾ ಹಿಂದ ಸರಿತೈತಿ. ಲಕ್ಕುಂಡಿ ಗುಡಿಯೊಳಗ ಕಲ್ಲಿನ ಕಂಬದ ನಡುವ ನಿಂತು ಇತಿಹಾಸ ಹೇಳೋರಿಗೆ ಇದು ಲಗೂನ ಗೊತ್ತಾಗತೈತಿ. ಈ ಉಪಕಾರ ಅಗ್ಗದ ಮೈಕಿನಾಗೂ ಸಿಗತೈತಿ, ತುಟ್ಟಿ ಮೈಕಿನಾಗೂ ಸಿಗತೈತಿ.

ಹಂಗಾದ್ರ ಹೆಚ್ಚಿನ ರೊಕ್ಕ ಯಾತಕ್ಕ ಕೊಡಬೇಕು? ಅಂಗಡಿಯಾಗ ಮೊದಲ ಹೇಳೋದು ದೂರದ ಲೆಕ್ಕ, ಅಂದ್ರ ಮೈಕು ಫೋನಿನಿಂದ ಎಷ್ಟು ದೂರ ಇದ್ರೂ ದನಿ ಮುಟ್ಟತೈತಿ ಅನ್ನೋದು. ರೋಡ್ ಕಂಪನಿ ವೈರ್‌ಲೆಸ್ ಗೋ 2 ಅಂದ್ರ 200 ಮೀಟರ್, ಡಿಜೆಐ ಮೈಕ್ 2 ಅಂದ್ರ 250, ಹಾಲಿಲ್ಯಾಂಡ್ ಲಾರ್ಕ್ ಎಂ2 300, ಡಿಜೆಐ ಮೈಕ್ ಮಿನಿ 400. ಈ ಅಂಕಿ ಎಲ್ಲಾ ಬಯಲಿನಾಗ, ನಡುವ ಏನೂ ಅಡ್ಡ ಇಲ್ಲದಾಗ ಸಿಗೋವು. ಇವು ನಾಕೂ ಓಡೋದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆ ಮ್ಯಾಲೆ, ವೈಫೈ ಬ್ಲೂಟೂತೂ ಅದರ ಮ್ಯಾಲೇ ಓಡ್ತಾವು, ಜಾತ್ರಿ ಗದ್ದಲದಾಗ ಸಾವಿರಗಟ್ಟಲೆ ಫೋನು ಇದ್ದಲ್ಲಿ ಆ ದೂರ ಎಷ್ಟೋ ಕಡಿಮೆ ಆಗತೈತಿ. ಮತ್ತ ಮನಷ್ಯಾನ ಮೈಯಾಗ ನೀರು ಹೆಚ್ಚು ಇರೋದ್ರಿಂದ ಅದು ಈ ಅಲೆನ ತಡೀತೈತಿ, ಎದಿಗೆ ಮೈಕು ಹಚ್ಕೊಂಡು ಕ್ಯಾಮೆರಾಕ್ಕ ಬೆನ್ನು ಮಾಡಿ ನಡದ್ರಂದ್ರ ದನಿ ಕಟ್ ಕಟ್ ಆಗೋದು ಇದಕ್ಕೇ. ನಾವು ಫೋನಿಟ್ಟು ವಿಡಿಯೋ ಮಾಡೋದು ಹತ್ತು ಹದಿನೈದು ಅಡಿಯೊಳಗ, ಅದಕ್ಕ 200 ಇರ್ಲಿ 400 ಇರ್ಲಿ, ಆ ಫರಕಿಗೆ ರೊಕ್ಕ ಹಾಕಬ್ಯಾಡ್ರಿ.

ಕೇಳಬೇಕಾದ ಮಾತು ಬ್ಯಾರೇ ಐತಿ. ಮೈಕು ತನ್ನೊಳಗ ತಾನೇ ರೆಕಾರ್ಡ್ ಮಾಡ್ಕೊತೈತೋ ಇಲ್ಲೋ? ನನ್ನ ಪ್ರಕಾರ ಎಲ್ಲಾಕ್ಕಿಂತ ಮುಖ್ಯ ಇದ. 2019ರಾಗ ಬಂದ ಮೊದಲನೇ ವೈರ್‌ಲೆಸ್ ಗೋದಾಗ ಈ ಸೌಲಭ್ಯ ಇರಲಿಲ್ಲ, 2021ರ ಗೋ 2ದಾಗ ಬಂತು, ಒಂದು ರಿಸೀವರಿಗೆ, ಅಂದ್ರ ಫೋನಿಗೆ ಇಲ್ಲಾ ಕ್ಯಾಮೆರಾಕ್ಕ ಹಚ್ಚಿ ಮೈಕಿನ ದನಿ ಹಿಡಿಯೋ ಸಣ್ಣ ಡಬ್ಬಿಗೆ, ಎರಡು ಮೈಕೂ ಬಂದ್ವು. ಡಿಜೆಐ ಮೊದಲನೇ ಮೈಕಿನೊಳಗ 8 ಜಿಬಿ ಜಾಗ ಐತಿ, 14 ತಾಸು ಹಿಡಿತೈತಿ. 2024ರ ಮೈಕ್ 2, 2025ರ ಮೈಕ್ 3 ಎರಡರಾಗೂ ಒಳಗಿನ ರೆಕಾರ್ಡಿಂಗ್ ಐತಿ. ಆದ್ರ ಅದ ಕಂಪನಿ ಮೈಕ್ ಮಿನಿಯೊಳಗ ಇಲ್ಲ, ಲಾರ್ಕ್ ಎಂ2ದಾಗೂ ಇಲ್ಲ, ಐದನೂರಕ್ಕೋ ಸಾವಿರ ರೂಪಾಯಿಗೋ ಸಿಗೋ ಮೈಕಿನಾಗಂತೂ ಇದನ್ನ ಹುಡುಕಬ್ಯಾಡ್ರಿ. ಇದರಿಂದ ಏನು ಉಪಯೋಗ ಅಂದ್ರ, ಅಲೆ ಕಟ್ ಆಗ್ಲಿ, ಫೋನಿನ ಕಡೆ ಪಿನ್ನು ಸಡಲ ಆಗ್ಲಿ, ಫೋನ್ ಬಂದು ವಿಡಿಯೋನ ನಿಂತು ಹೋಗ್ಲಿ, ಎದಿ ಮ್ಯಾಲಿನ ಮೈಕಿನಾಗ ಮಾತು ಪೂರಾ ಉಳಿದಿರತೈತಿ. ಅಡಿಗಿ ವಿಡಿಯೋ ಮಾಡೋರು ಕೆಟ್ಟರ ನಾಳೆ ಮತ್ತ ಮಾಡಬಹುದು. ಎಂಬತ್ತು ದಾಟಿದ ಅಜ್ಜಿ ಒಬ್ಬಾಕಿ ಬೀಸೋಕಲ್ಲಿನ ಪದ ನೆನಪಿಸ್ಕೊಂಡು ಒಂದೇ ಉಸುರಿಗೆ ಹಾಡಿದ್ದು ಎರಡನೇ ಸಲ ಹಂಗ ಬರೂದಿಲ್ರಿ. ಅಂಥ ಕೆಲಸ ಮಾಡೋರು ದಯಮಾಡಿ ಒಳಗ ರೆಕಾರ್ಡ್ ಆಗೋ ಮೈಕನ್ನ ತುಗೋರಿ.

ಅಷ್ಟು ರೊಕ್ಕ ಇಲ್ಲಂದ್ರೂ ದಾರಿ ಐತಿ. ವೈರ್ ಇರೋ ಕಾಲರ್ ಮೈಕು ಒಂದು, ಮನಿಯಾಗ ಬಿದ್ದಿರೋ ಹಳೇ ಫೋನು ಒಂದು. ಹಾಡೋರ ಕಿಸೆದಾಗ ಆ ಫೋನಿಟ್ಟು ರೆಕಾರ್ಡರ್ ಚಾಲೂ ಮಾಡ್ರಿ, ಕ್ಯಾಮೆರಾ ಮುಂದ ಒಂದು ಚಪ್ಪಾಳೆ ಹೊಡೀರಿ, ಆಮ್ಯಾಲೆ ಎಡಿಟಿಂಗ್ ಮಾಡುವಾಗ ಆ ಚಪ್ಪಾಳೆ ಸಪ್ಪಳ ಹಿಡ್ಕೊಂಡು ಚಿತ್ರ, ದನಿ ಕೂಡಸ್ರಿ. ಅಲೆ ಇಲ್ಲದ್ದಕ್ಕ ಕಟ್ ಆಗೋ ಭಯಾನೂ ಇಲ್ಲ.

ಮೈಕ್ 2, ಮೈಕ್ 3, ರೋಡ್ ವೈರ್‌ಲೆಸ್ ಪ್ರೋ, ಇವರಾಗ 32 ಬಿಟ್ ಫ್ಲೋಟ್ ಅಂತ ರೆಕಾರ್ಡ್ ಮಾಡೋ ಪದ್ಧತಿ ಒಂದು ಐತಿ. ಸಾಮಾನ್ಯ ರೆಕಾರ್ಡಿಂಗಿನಾಗ ದನಿ ಮಿತಿ ದಾಟಿದ್ರ ಮ್ಯಾಲಿನ ಭಾಗ ಕತ್ತರಿಸಿ ಹೋಗಿ ಬಿರಬಿರ ಕೇಳಸ್ತೈತಿ, ಅದು ಮತ್ತ ಸುಧಾರಸೂದಿಲ್ಲ. 32 ಬಿಟ್ಟಿನಾಗ ಆಮ್ಯಾಲೆ ಲೆವೆಲ್ ಇಳಿಸಿದ್ರ ದನಿ ಮೊದಲಿನ ಹಂಗ ಸಿಗತೈತಿ. ಹೋಳಿ ಹುಣ್ಣಿವಿಗೆ ಹುಬ್ಬಳ್ಳಿಯೊಳಗ ಜಗ್ಗಲಗಿ ಬಾರಸೋರ ನಡುವ ನಿಂತು ಮಾತಾಡಸೋರಿಗೆ ಇದು ಭಾಳ ಉಪಯೋಗ. ಆದ್ರ ಈ ಫೈಲು ಇರೋದು ಮೈಕಿನೊಳಗ, ಫೋನಿಗೆ ಬರೋದು ಮಾಮೂಲಿ ದನಿನ. ಮತ್ತ ಮೈಕಿನ ಬಾಯಿಗೇ ತಡಕೊಳ್ಳಾಕ ಆಗದಷ್ಟು ಸಪ್ಪಳ ಬಿದ್ರ 32 ಬಿಟ್ಟೂ ಉಳಸೂದಿಲ್ಲ, ಸ್ವಲ್ಪ ದೂರ ಸರೀರಿ.

ಈಗ ನನಗ ಭಾಳ ಕಳಕಳಿ ಇರೋ ಮಾತು, ನಾಯ್ಸ್ ಕ್ಯಾನ್ಸಲಿಂಗ್. ಒಂದು ಗುಂಡಿ ಒತ್ತಿದ್ರ ಫ್ಯಾನು, ಮೋಟಾರು ಎಲ್ಲಾ ಮಾಯ, ನೋಡಾಕ ಚಲೋನ. ಅದು ಕೆಲಸ ಮಾಡೋದು ಹೆಂಗಂದ್ರ, ಒಂದೇ ಸಮ ಬರೋ ಸಪ್ಪಳ ಯಾವುದೈತೋ ಅದನ್ನ ಬ್ಯಾಡಾದ್ದು ಅಂತ ತಿಳ್ಕೊಂಡು ತಗೀತೈತಿ. ಒಂದೇ ಸಮ ಬರೋ ದನಿ ಅಂದ್ರ ತಂಬೂರಿನೂ ಹೌದಲ್ರಿ! ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿದ ನೆಲದಾಗ, ಗದಗಿನ ವೀರೇಶ್ವರ ಪುಣ್ಯಾಶ್ರಮ ಇರೋ ನೆಲದಾಗ ತಂಬೂರಿ ದನಿನ ಬ್ಯಾಡಾದ ಸಪ್ಪಳ ಅಂತ ಅಳಿಸಿ ಹಾಕೋ ಮೈಕು ನಡಿಯೂದಿಲ್ಲ. ಭಜನಿ ಪದದಾಗ ಏಕತಾರಿ ಶ್ರುತಿನೂ ಹಂಗ ತೆಳ್ಳಗ ಆಗಿ ಹೋಗತೈತಿ, ಹಾಡೋರು ಉದ್ದಕ ಹಿಡಿದ ಸ್ವರದ ಕೊನಿ ನುಂಗಿ ಹೋಗತೈತಿ. ಹಾಡು, ವಾದ್ಯ ಯಾವುದೇ ಇದ್ರೂ ಆ ಗುಂಡಿ ಬಂದ್ ಇರಬೇಕು. ಅಗ್ಗದ ಮೈಕು ಕೆಲವೊಂದರಾಗ ಇದನ್ನ ಬಂದ್ ಮಾಡಾಕ ಬರೂದ ಇಲ್ಲ, ತುಗೊಳ್ಳೋ ಮುಂದ ಇದೊಂದು ಕೇಳ್ರಿ. ಮಾತಿಗಾದ್ರ ಕಡಿಮೆ ಮಟ್ಟದಾಗ ಹಚ್ಚಬಹುದು.

ಗಾಳಿಗೆ ಈ ಗುಂಡಿ ಔಷಧ ಅಲ್ಲ. ಆಷಾಢದಾಗ ಕಪ್ಪತಗುಡ್ಡದ ಮ್ಯಾಲೆ, ಆ ಗಾಳಿ ಪಂಖಾ ತಿರುಗೋ ಕಡೆ ಹೋಗಿ ನಿಂತ್ರ ಯಾವ ಕಂಪನಿ ಮೈಕಾದ್ರೂ ಗಡಗಡ ಅಂತೈತಿ. ಮೈಕಿನ ಜೋಡಿ ಬರೋ ಕೂದಲ ಟೊಪಗಿ ಚಂದಕ್ಕ ಕೊಟ್ಟದ್ದಲ್ಲ, ಹೊಲದಾಗ ಅದನ್ನ ತಗೀಬ್ಯಾಡ್ರಿ. ಗಾಳಿಗೆ ಬೆನ್ನು ಕೊಟ್ಟು ನಿಂದ್ರಸ್ರಿ, ದಪ್ಪ ಗುಂಯ್‌ಗುಡೋ ಸಪ್ಪಳ ಕಡಿಮೆ ಮಾಡೋ ಲೋ ಕಟ್ ಸೆಟಿಂಗ್ ಇದ್ರ ಹಚ್ರಿ.

ತೂಕದಾಗೂ ಫರಕ್ ಐತಿ. ಗೋ 2 ಹತ್ತಿರ ಹತ್ತಿರ 30 ಗ್ರಾಂ, ಮೈಕ್ 2 ಅಂದ್ರ 28 ಗ್ರಾಂ, ತೆಳ್ಳನ ಅರಬಿ ಮ್ಯಾಲೆ ಜೋತು ಬೀಳ್ತಾವು. ಮೈಕ್ 3 ಅಂದ್ರ 16 ಗ್ರಾಂ, ಮೈಕ್ ಮಿನಿ 10, ಲಾರ್ಕ್ ಎಂ2 9 ಗ್ರಾಂ, ಇಲಕಲ್ ಸೀರಿ ಸೆರಗಿಗೆ ಮ್ಯಾಗ್ನೆಟ್ಟಿನಿಂದ ಹಚ್ಚಿದ್ರ ಹಚ್ಚಿದ್ದೂ ಗೊತ್ತಾಗೂದಿಲ್ಲ. ಆದ್ರ ಬೋರಮಾಳ, ಗುಳದಾಳಿ ಹಾಕ್ಕೊಂಡವರಿಗೆ ಮೈಕು ಸರಕ್ಕ ಬಡೀದಂಗ ಒಂದು ಬದಿಗೆ ಹಚ್ಚಬೇಕು, ಇಲ್ಲಂದ್ರ ಮಾತಿಗೊಮ್ಮೆ ಟಿಣ್ ಅಂತೈತಿ. ಗೋ 2, ಮೈಕ್ 2ಕ್ಕ ಬ್ಯಾರೇ ಕಾಲರ್ ಮೈಕಿನ ವೈರ್ ಚುಚ್ಚಾಕ ತೂತು ಐತಿ, ಮಿನಿ ಮತ್ತ ಮೈಕ್ 3ಕ್ಕ ಇಲ್ಲ, ಮದುವಿ ಶೂಟಿಂಗ್ ಮಾಡೋರು ಮೈಕು ಮುಚ್ಚಿಡಬೇಕಂದ್ರ ಇದು ನೆನಪಿರ್ಲಿ.

ದೊಡ್ಡಾಟ ಹಿಡಿಯೋರು ಬ್ಯಾಟರಿ ನೋಡ್ರಿ, ಆಟ ಬೆಳಗಾಗೋತನಕ ನಡಿತೈತಿ. ಮೈಕ್ 2 ಅಂದ್ರ 6 ತಾಸು, ಗೋ 2 ಅಂದ್ರ 7, ಲಾರ್ಕ್ ಎಂ2 10, ಮಿನಿ ಹನ್ನೊಂದೂವರಿ ತಾಸು ಅಂತ ಕಂಪನಿ ಲೆಕ್ಕ. ಎರಡು ಮೈಕು ಇದ್ದವರು ಒಂದು ಹಚ್ಚಿ ಇನ್ನೊಂದು ಚಾರ್ಜಿಗೆ ಇಡಬಹುದು.

ಫೋನಿನ ಪಿನ್ನು ಯಾವುದು ಅಂತ ನೋಡೇ ಖರೀದಿ ಮಾಡ್ರಿ. ಐಫೋನ್ 14ರ ತನಕ ಲೈಟ್ನಿಂಗ್, 2023ರ 15ರಿಂದ ಟೈಪ್ ಸಿ. ಕೆಲವು ಆಂಡ್ರಾಯ್ಡ್ ಫೋನಿನಾಗ ಓಟಿಜಿ ಅನ್ನೋ, ಹೊರಗಿನ ಸಾಮಾನು ಫೋನಿಗೆ ಕೂಡಸೋ ಸೆಟಿಂಗ್ ಹಚ್ಚದಿದ್ರ ಮೈಕಿಗೆ ಕರೆಂಟೇ ಹೋಗೂದಿಲ್ಲ, ಕೆಲವರದಾಗ ಫೋನಿನ ಸ್ವಂತ ಕ್ಯಾಮೆರಾ ಹೊರಗಿನ ಮೈಕನ್ನ ತುಗೊಳ್ಳೂದಿಲ್ಲ, ಬ್ಯಾರೇ ಆ್ಯಪ್ ಹಾಕಬೇಕಾಗತೈತಿ. ಅದಕ್ಕ ಅಂಗಡಿಯಾಗ ನಿಮ್ಮ ಫೋನಿಗೇ ಹಚ್ಚಿ, ಮೈಕಿನ ಮ್ಯಾಲೆ ಉಗುರಿನಿಂದ ಕೆರದು ರೆಕಾರ್ಡ್ ಮಾಡಿ ಕೇಳ್ರಿ. ಆ ಕರಕರ ಸಪ್ಪಳ ಜೋರಾಗಿ ಬಂದ್ರ ಮೈಕಿನ ದನಿನ ಬರಾಕತ್ತೈತಿ ಅಂತ ಅರ್ಥ. ದೊಡ್ಡ ಕ್ಯಾಮೆರಾ ಇದ್ದವರು ಕ್ಯಾಮೆರಾದ ಲೆವೆಲ್ ಕೆಳಗ ಇಟ್ಟು ರಿಸೀವರಿಂದು ಮ್ಯಾಲೆ ಇಡ್ರಿ, ಸುಂಯ್ ಅನ್ನೋದು ಕಡಿಮೆ ಆಗತೈತಿ.

ರೈತರಿಗೆ, ಅಡಿಗಿಯವರಿಗೆ, ಪಾಠ ಹೇಳೋ ಮಾಸ್ತರರಿಗೆ ಮಿನಿ ಇಲ್ಲಾ ಲಾರ್ಕ್ ಎಂ2 ಸಾಕು ಅಂತೇನಿ ನಾನು, ಹಾಡು ಮತ್ತ ಹಿರೇರ ಮಾತು ಹಿಡಿಯೋರು ಗೋ 2, ಮೈಕ್ 2, ಮೈಕ್ 3 ಇವರಾಗ ಒಂದು ನೋಡ್ರಿ. ಮೈಕಿನೊಳಗ ರೆಕಾರ್ಡ್ ಆದದ್ದನ್ನ ಅವತ್ತ ರಾತ್ರಿ ಕಂಪ್ಯೂಟರಿಗೆ ಇಳಿಸಿ, ಹಾಡಿದವರ ಹೆಸರು, ಊರು, ತಾರೀಖು ಹಾಕಿ ಇಡ್ರಿ, ಯಾಕಂದ್ರ ಜಾಗ ತುಂಬಿದ್ರ ಕೆಲವು ಮೈಕು ಹಳೇದನ್ನ ಅಳಿಸಿ ಅದರ ಮ್ಯಾಲೆ ಹೊಸಾದು ಬರಕೊಂಡು ಹೋಗ್ತಾವು. ನಮಸ್ಕಾರ.