ರಾಜನನ್ನು ಕಿತ್ತುಹಾಕಿದರು, ಅವನ ಪ್ರಭಾರಿಯನ್ನು ಇಟ್ಕೊಂಡರು!

ನಮಸ್ಕಾರ. ಡಚ್ ಇತಿಹಾಸ ತೆರೆದರೆ ಪುಟಕ್ಕೊಬ್ಬ ಸ್ಟಾಡ್‌ಹೌಡರ್ ಸಿಗ್ತಾನೆ. ಇವತ್ತಿನ ಡಚ್ಚಲ್ಲಿ 'ಸ್ಟಾಡ್' ಅಂದ್ರೆ ಪಟ್ಟಣ. ಹಾಗಾಗಿ ಇವನು ಯಾವುದೋ ಊರಿನ ಮೇಯರ್ ಅಂತಲೇ ನಾನು ಬಹಳ ದಿನ ನಂಬಿದ್ದೆ.

ಅಲ್ಲ. ಇಲ್ಲಿರೋದು ಆ ಪದದ ಹಳೇ ಅರ್ಥ: ಜಾಗ, ಸ್ಥಾನ. ನಮ್ಮ 'ಸ್ಥಾನ'ಕ್ಕೂ ಅದಕ್ಕೂ ಮೂಲ ಧಾತು ಒಂದೇ! 'ಹೌಡರ್' ಅಂದ್ರೆ ಹಿಡಿದವನು. ತಹಶೀಲ್ದಾರ್, ಅಮಲ್ದಾರ್‌ಗಳ ಬಾಲದಲ್ಲಿರೋ ಪಾರ್ಸಿ 'ದಾರ್' ಮಾಡೋದೂ ಇದೇ ಕೆಲಸ. ಒಟ್ಟಿಗೆ ಸೇರಿಸಿದ್ರೆ 'ಸ್ಥಾನದಾರ'. ಫ್ರೆಂಚಿನ 'ಲೆಫ್ಟಿನೆಂಟ್' ಕೂಡ ಬಿಡಿಸಿದ್ರೆ ಅಷ್ಟೇ. ನಮ್ಮ ಕಚೇರಿ ಭಾಷೆಯಲ್ಲಿ: ಪ್ರಭಾರಿ.

ಯಾರ ಪ್ರಭಾರ? ಸ್ಪೇನಿನ ರಾಜ ಎರಡನೇ ಫಿಲಿಪ್‌ನದು; ಡಚ್ ಪ್ರಾಂತ್ಯಗಳಿಗೂ ಆಗ ಅವನೇ ಒಡೆಯ. 1559ರಲ್ಲಿ ಅವನು ಸ್ಪೇನಿಗೆ ಹೊರಟ, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹಾಲೆಂಡ್, ಝೀಲೆಂಡ್, ಉಟ್ರೆಕ್ಟ್ ಪ್ರಾಂತ್ಯಗಳಿಗೆ ಆರೆಂಜಿನ ವಿಲಿಯಂ ಸ್ಟಾಡ್‌ಹೌಡರ್ ಆದ. ತೆರಿಗೆ, ಧರ್ಮ, ಸೈನ್ಯ, ಎಲ್ಲದಕ್ಕೂ ಜಗಳವಾಗಿ ಕೊನೆಗೆ ಆ ಪ್ರಭಾರಿಯೇ ದಂಗೆಯ ನಾಯಕ.

ಈಗ ನನಗೆ ಬಲು ಇಷ್ಟವಾದ ಭಾಗ.

[ಪರದೆಯ ಮೇಲೆ: ಲೈಡನ್, 1575]

1574ರಲ್ಲಿ ಸ್ಪೇನ್ ಸೈನ್ಯ ಲೈಡನ್ ಪಟ್ಟಣಕ್ಕೆ ಮುತ್ತಿಗೆ ಹಾಕಿ ಜನರನ್ನ ಹಸಿವಿನಿಂದ ಸಾಯಿಸಿತ್ತು. ಡಚ್ಚರು ತಾವೇ ಕಟ್ಟೆ ಒಡೆದು, ಹೊಲಗಳಿಗೆ ನೀರು ನುಗ್ಗಿಸಿ, ದೋಣಿಗಳಲ್ಲಿ ಬಂದು ಊರನ್ನ ಉಳಿಸಿದರು. ಮರುವರ್ಷವೇ ವಿಲಿಯಂ ಅಲ್ಲೊಂದು ವಿಶ್ವವಿದ್ಯಾಲಯ ತೆರೆದ. ಅದರ ಸನದು ಯಾರ ಹೆಸರಲ್ಲಿ ಹೊರಟಿತು ಗೊತ್ತಾ? ರಾಜ ಫಿಲಿಪ್‌ನ ಹೆಸರಲ್ಲಿ! ಆಸ್ತಿ ಕೇಸು ಹಾಕಿರೋ ದೊಡ್ಡಪ್ಪನ ಹೆಸರನ್ನೇ ಲಗ್ನಪತ್ರಿಕೆಯ ಮೇಲೆ 'ಸುಖಾಗಮನ ಬಯಸುವವರು' ಅಂತ ಹಾಕಿಸಿದ ಹಾಗೆ. ದೊಡ್ಡಪ್ಪನನ್ನ ಕೇಳಿರಲೂ ಇಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ: ವಿಲಿಯಂ ಕೂತಿದ್ದದ್ದೇ ರಾಜನ ಜಾಗದಲ್ಲಿ, ರಾಜನ ಹೆಸರು ಬಿಟ್ಟರೆ ಅವನ ರುಜುವಿಗೆ ಬೆಲೆ ಏನು?

1581ರಲ್ಲಿ ಪ್ರಾಂತ್ಯಗಳು 'ಈ ರಾಜ ಇನ್ನು ನಮ್ಮವನಲ್ಲ' ಅಂತ ಬರೆದೇ ಬಿಟ್ಟವು. ರಾಮನೇ ಬೇಡ ಅಂದಮೇಲೂ ನಂದಿಗ್ರಾಮದಲ್ಲಿ ಭರತ ಉಳಿದ ಕಥೆ ಇದು. ಹುದ್ದೆಯ ಹೆಸರು ಬದಲಿಸೋ ಗೋಜಿಗೂ ಯಾರೂ ಹೋಗಲಿಲ್ಲ. ಅಲ್ಲಿಂದ ನೇಮಕ ಮಾಡಿದ್ದು ಪ್ರಾಂತ್ಯಗಳ ಸಭೆಗಳು. ಬೇಡ ಅನಿಸಿದಾಗ ಖಾಲಿಯೂ ಬಿಟ್ಟರು: 1650ರಿಂದ 1672ರವರೆಗೆ ಹಾಲೆಂಡಿನಲ್ಲಿ ಸ್ಟಾಡ್‌ಹೌಡರ್ ಇರಲೇ ಇಲ್ಲ.

ಟೈಮಾಯ್ತು, ಉಳಿದದ್ದನ್ನ ಓಡಿಸ್ತೀನಿ. ಆಮೇಲೆ ಸ್ಟಾಡ್‌ಹೌಡರ್ ಆದ ಮೂರನೇ ವಿಲಿಯಂ 1689ರಲ್ಲಿ ಇಂಗ್ಲೆಂಡಿಗೆ ರಾಜನಾದ. ಸಮುದ್ರದ ಆಚೆ ಮಹಾಪ್ರಭು, ಸ್ವಂತ ಊರಲ್ಲಿ ಆಗಲೂ ಪ್ರಭಾರಿ. 1747ರಲ್ಲಿ ಹುದ್ದೆ ವಂಶಪಾರಂಪರ್ಯ ಆಯ್ತು. 1795ರಲ್ಲಿ ಫ್ರೆಂಚರು ಬಂದಾಗ ಐದನೇ ವಿಲಿಯಂ ಇಂಗ್ಲೆಂಡಿಗೆ ಓಡಿದ. ಅಲ್ಲಿ ಕೂತು, ನಮ್ಮ ವಸಾಹತುಗಳನ್ನ ಬ್ರಿಟಿಷರ ವಶಕ್ಕೆ ಬಿಡಿ ಅಂತ ಗವರ್ನರುಗಳಿಗೆ ಪತ್ರ ಬರೆದ. ಅದೇ ವರ್ಷ ಡಚ್ಚರ ಕೈಲಿದ್ದ ಕೊಚ್ಚಿ ಬ್ರಿಟಿಷರ ಕೈ ಸೇರಿತು.

ಅವನ ಮಗ 1815ರಲ್ಲಿ ರಾಜ ಅಂತಲೇ ಕರೆಸಿಕೊಂಡ. ಪ್ರಭಾರಿ ಕಾಯಂ ಆದ!