ಮೊಂತಿ ಹಬ್ಬದ ತೆನೆ

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ. 1890ರಷ್ಟು ಹಳೆಯದಾದ ಬೇಳದ ಇಗರ್ಜಿ ಇರುವ ನಮ್ಮ ಕಾಸರಗೋಡು ಸೀಮೆಯಲ್ಲೂ ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಭತ್ತದ ಹೊಸ ತೆನೆಗೆ ಆಶೀರ್ವಾದ, ಆಮೇಲೆ ಮನೆಮನೆಗೆ ಹಂಚಿಕೆ.

ಹೂವಿಗೆ ಅಷ್ಟು ಕಷ್ಟವಿಲ್ಲ. ದಾಸವಾಳ, ಕೇಪಳ, ರಥಪುಷ್ಪ ಮಳೆಗಾಲದಲ್ಲೂ ಅಂಗಳದಲ್ಲೇ ಸಿಗುತ್ತವೆ. ಕಷ್ಟವಿರುವುದು ತೆನೆಗೆ. ಗದ್ದೆಗಳೆಲ್ಲ ಅಡಿಕೆ ತೋಟವಾದ ಊರಿನಲ್ಲಿ ಅದನ್ನು ದೂರದಿಂದ ತರಿಸಬೇಕು. ಚೀಲದಲ್ಲಿ ಒತ್ತಿ ತುಂಬಿದ ಒದ್ದೆ ತೆನೆ ಒಂದೇ ರಾತ್ರಿಯಲ್ಲಿ ಬಿಸಿಯೇರಿ, ಕಾಳು ಕಪ್ಪಾಗಿ ಉದುರುತ್ತದೆ.

ಇಗರ್ಜಿಯ ಜಾಗದಲ್ಲೇ ಬೆಳೆಸಬಹುದಲ್ಲ! ಲೆಕ್ಕ ನೋಡಿ. 200 ಮನೆ, ಮನೆಗೆ ಏಳು ತೆನೆ, ಒಟ್ಟು 1,400. ಒಂದು ಬುಡಕ್ಕೆ ಎಂಟು ಒಳ್ಳೆಯ ತೆನೆ ಎಂದರೂ 175 ಬುಡ ಸಾಕು. 20 ಸೆಂಟಿಮೀಟರ್‌ಗೆ 15ರಂತೆ ನೆಟ್ಟರೆ ಚದರ ಮೀಟರಿಗೆ 33 ಬುಡ ಹಿಡಿಯುತ್ತವೆ. ಹಕ್ಕಿ ತಿಂದದ್ದು, ಜೊಳ್ಳಾದದ್ದು ಎಲ್ಲ ಕಳೆದರೂ 10 ಚದರ ಮೀಟರ್ ಧಾರಾಳ. ಅಂದರೆ ಕಾಲು ಸೆಂಟ್ಸ್ ಜಾಗ.

ತಪ್ಪುವುದು ತಾರೀಕು. ಜ್ಯೋತಿ ತಳಿಗೆ 110ರಿಂದ 125 ದಿನ ಬೇಕು. ಅದರಲ್ಲಿ ಹೂ ಬಿಟ್ಟ ಮೇಲಿನದ್ದೇ ಸುಮಾರು 30 ದಿನ. ಮೇ ಕೊನೆಗೆ ನೇಜಿಗೆ, ಅಂದರೆ ನಾಟಿಯ ಸಸಿಗೆ, ಬಿತ್ತಿದರೆ ಹಬ್ಬದ ಹೊತ್ತಿಗೆ ಕಾಳು ಹಿಟ್ಟುಗಟ್ಟಿರುತ್ತದೆ. ಮಳೆ ಚೆನ್ನಾಗಿ ಹಿಡಿಯಲಿ ಎಂದು ಜೂನ್ ಮಧ್ಯದವರೆಗೆ ಕಾದಿರೋ, ತೆನೆ ನೋಡಲು ಚೆಂದ, ಉಗುರಿನಲ್ಲಿ ಸೀಳಿದರೆ ಒಳಗೆ ಏನೂ ಇಲ್ಲ.

ಹಿಂದಿನ ಸಂಜೆ, ಮಳೆ ಬಿಟ್ಟ ಹೊತ್ತಿನಲ್ಲಿ, ಒಂದು ಗೇಣು ದಂಟು ಉಳಿಸಿ ಕೊಯ್ಯಿರಿ. ಬುಡ ಮಾತ್ರ ಕಟ್ಟಿ, ತಲೆಕೆಳಗಾಗಿ ಹಗ್ಗಕ್ಕೆ ತೂಗಿಡಿ; ಕಟ್ಟುಗಳ ನಡುವೆ ಗಾಳಿ ಆಡಬೇಕು.

ಮನೆಯಲ್ಲಿ ಊಟಕ್ಕೆ ಮೊದಲು ಹೊಸತು ಸೇವಿಸುವ ಕ್ರಮ. ತೆನೆಯ ಕಾಳು ಸುಲಿದು ಅರೆದು, ತೆಂಗಿನಹಾಲು ಬೆಲ್ಲಕ್ಕೆ ಸೇರಿಸುತ್ತಾರೆ. ಎಳೆ ಕಾಳಿನ ಹೊಟ್ಟು ಸರಿಯಾಗಿ ಬಿಡುವುದಿಲ್ಲ, ಒಂದು ಚೂರು ಉಳಿದರೂ ಮಕ್ಕಳ ಗಂಟಲಿಗೆ ಚುಚ್ಚುತ್ತದೆ. ತೆಳುಬಟ್ಟೆಯಲ್ಲಿ ಸೋಸಿಯೇ ಕೊಡಿ. ಆಮೇಲೆ ಬಾಳೆಲೆಯಲ್ಲಿ ತರಕಾರಿ ಊಟ. ಪದಾರ್ಥ ಮೂರು, ಐದು ಅಥವಾ ಏಳು. ಕೆಸುವಿನ ದಂಟಿಗೆ ಅಂಬಟೆಯ ಹುಳಿ ಕಡಿಮೆ ಮಾಡಬೇಡಿ, ಬಾಯಿ ತುರಿಸೀತು.

ಪರವೂರಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳುಹಿಸುವವರಿದ್ದಾರೆ. ಹಸಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಬೂಸಲು ಹಿಡಿಯುತ್ತದೆ. ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಮಡಚಿಡಿ. ತೆನೆಯಲ್ಲಿ ತುದಿಯ ಕಾಳು ಮೊದಲು ಬಲಿಯುತ್ತದೆ. ಗಲ್ಫಿನ ಮಗನಿಗೆ ಅದನ್ನೇ ಆರಿಸಿ ಕಳುಹಿಸಿ.